ಮನೆಗೆ ಮೈಕ್ರೋವೇವ್ ಓವನ್ ತಂದಿರಾ? ಪ್ಲಗ್ ಹಾಕುವ ಮುನ್ನ ಈ ಸಂಗತಿಗಳು ಗೊತ್ತಿರಲಿ

ರಾಂಜಣಗಾಂವ (ಪುಣೆ): ಅಷ್ಟವಿನಾಯಕ ಕ್ಷೇತ್ರಗಳಲ್ಲಿ ಒಂದಾದ ಮಹಾಗಣಪತಿ ದೇವಸ್ಥಾನದಿಂದಾಗಿ ರಾಂಜಣಗಾಂವದ ಹೆಸರು ಭಕ್ತರಿಗೆ ಮೊದಲಿನಿಂದಲೂ ಪರಿಚಿತ. ಪುಣೆ–ಅಹಿಲ್ಯಾನಗರ ಹೆದ್ದಾರಿಯಲ್ಲಿ, ಪುಣೆಯಿಂದ ಸುಮಾರು 50 ಕಿ.ಮೀ ದೂರದಲ್ಲಿರುವ ಶಿರೂರು ತಾಲೂಕಿನ ಈ ಊರಿಗೆ ಈಗ ಇನ್ನೊಂದು ಗುರುತೂ ಇದೆ. ಇಲ್ಲಿನ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಎಲ್‌ಜಿ, ವರ್ಲ್‌ಪೂಲ್, ಹೈಯರ್‌ನಂತಹ ಗೃಹೋಪಯೋಗಿ ಉಪಕರಣ ಕಂಪನಿಗಳ ಕಾರ್ಖಾನೆಗಳಿವೆ. ಎಲ್‌ಜಿ ಘಟಕ ಇಲ್ಲಿ ಆರಂಭವಾಗಿದ್ದು 2004ರಲ್ಲಿ.

ಇಂತಹ ಊರಿನಲ್ಲಿ ಬದುಕು ನಡೆಯುವುದು ಶಿಫ್ಟ್ ಲೆಕ್ಕದಲ್ಲಿ. ರಾತ್ರಿ ಪಾಳಿ ಮುಗಿಸಿ ಬಾಡಿಗೆ ಕೋಣೆಗೆ ಮರಳುವವರಿಗೆ ತಣ್ಣಗಾದ ಅನ್ನ–ಸಾರು ಎರಡೇ ನಿಮಿಷದಲ್ಲಿ ಬಿಸಿಯಾದರೆ ಅದೇ ದೊಡ್ಡ ಅನುಕೂಲ. ಹಾಗಾಗಿ ಗ್ಯಾಸ್ ಒಲೆಯ ಪಕ್ಕದಲ್ಲಿ ಮೈಕ್ರೋವೇವ್ ಓವನ್ ಕಾಣಿಸಿಕೊಳ್ಳುವುದು ಈಗ ಅಪರೂಪವಲ್ಲ. ಆದರೆ ಹೆಚ್ಚಿನವರು ಅದರ ಜೊತೆಗೆ ಬರುವ ಪುಸ್ತಿಕೆಯನ್ನು ತೆರೆದೂ ನೋಡುವುದಿಲ್ಲ. ಟಿವಿ, ಮಿಕ್ಸಿಯಂತೆ ಇದನ್ನೂ ಸಿಕ್ಕ ಪ್ಲಗ್ ಪಾಯಿಂಟ್‌ಗೆ ಚುಚ್ಚುತ್ತಾರೆ. ಅಪಾಯ ಶುರುವಾಗುವುದು ಅಲ್ಲಿಂದಲೇ.

ಚಾಕೊಲೇಟ್ ಕರಗಿದ ಕಥೆ

ಅಮೆರಿಕದ ರೇಥಿಯಾನ್ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದ ಪರ್ಸಿ ಸ್ಪೆನ್ಸರ್ ರೇಡಾರ್‌ಗೆ ಬೇಕಾದ ಮ್ಯಾಗ್ನೆಟ್ರಾನ್ ಎಂಬ ಸಾಧನದ ಮೇಲೆ ಕೆಲಸ ಮಾಡುತ್ತಿದ್ದರು. ಅದರ ಹತ್ತಿರ ನಿಂತಿದ್ದಾಗ ಜೇಬಿನಲ್ಲಿದ್ದ ಚಾಕೊಲೇಟ್ ಕರಗಿದ್ದು ಅವರ ಗಮನಕ್ಕೆ ಬಂತು ಎಂಬ ಕಥೆ ಪ್ರಸಿದ್ಧ. 1945ರಲ್ಲಿ ಅವರು ಪೇಟೆಂಟ್‌ಗೆ ಅರ್ಜಿ ಹಾಕಿದರು. ಆರಂಭದ ಓವನ್‌ಗಳು ಆಳೆತ್ತರವಿದ್ದವು, 300 ಕೆ.ಜಿಗೂ ಹೆಚ್ಚು ತೂಗುತ್ತಿದ್ದವು. ಅಡುಗೆ ಕಟ್ಟೆಯ ಮೇಲೆ ಇಡಬಹುದಾದ ಜನಪ್ರಿಯ ಮಾದರಿ ಬಂದಿದ್ದು 1967ರಲ್ಲಿ.

ಇಂದಿನ ಓವನ್‌ನಲ್ಲೂ ಕೆಲಸ ಮಾಡುವುದು ಅದೇ ಮ್ಯಾಗ್ನೆಟ್ರಾನ್. ಅದು 2,450 ಮೆಗಾಹರ್ಟ್ಸ್ ಆವರ್ತನದ ತರಂಗಗಳನ್ನು ಹೊರಡಿಸುತ್ತದೆ. ಆಹಾರದಲ್ಲಿರುವ ನೀರಿನ ಅಣುಗಳು ಈ ತರಂಗಗಳಿಂದ ಅತ್ತಿತ್ತ ತಿರುಗಾಡಿ ಬಿಸಿ ಹುಟ್ಟಿಸುತ್ತವೆ. 'ಒಳಗಿನಿಂದ ಹೊರಕ್ಕೆ ಬೇಯಿಸುತ್ತದೆ' ಎಂಬ ಮಾತು ತಪ್ಪು. ತರಂಗಗಳು ಆಹಾರದೊಳಗೆ ಕೆಲವೇ ಸೆಂಟಿಮೀಟರ್ ಇಳಿಯುತ್ತವೆ, ಉಳಿದ ಭಾಗಕ್ಕೆ ಬಿಸಿ ನಿಧಾನವಾಗಿ ಹರಡಬೇಕು. ಈ ಒಂದು ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಯಾವ ಪ್ಲಗ್ ಪಾಯಿಂಟ್‌ಗೆ ಹಾಕಬೇಕು?

ಬಾಕ್ಸ್ ಮೇಲೆ '800 ವ್ಯಾಟ್' ಎಂದು ಬರೆದಿದ್ದರೆ ಅದು ಆಹಾರಕ್ಕೆ ಸಿಗುವ ಶಕ್ತಿಯ ಪ್ರಮಾಣ. ಗೋಡೆಯ ಪಾಯಿಂಟ್‌ನಿಂದ ಓವನ್ ಎಳೆದುಕೊಳ್ಳುವುದು ಅದಕ್ಕಿಂತ ಹೆಚ್ಚು. ಸಾಮಾನ್ಯ ಸೋಲೋ ಓವನ್ ಸುಮಾರು 1,200 ವ್ಯಾಟ್ ಬಳಸುತ್ತದೆ. ಕೇಕ್, ತಂದೂರಿ ಮಾಡುವ ಕನ್ವೆಕ್ಷನ್ ಮಾದರಿ 2,400 ವ್ಯಾಟ್‌ವರೆಗೂ ಹೋಗಬಹುದು. ನಿಖರ ಸಂಖ್ಯೆ ಓವನ್ ಹಿಂಬದಿಯ ಚೀಟಿಯಲ್ಲಿ 'ಇನ್‌ಪುಟ್' ಎಂಬಲ್ಲಿ ಇರುತ್ತದೆ.

ಈಗ ಸಣ್ಣ ಲೆಕ್ಕ. ನಮ್ಮಲ್ಲಿ ಮನೆಗೆ ಬರುವುದು 230 ವೋಲ್ಟ್. ಮೊಬೈಲ್ ಚಾರ್ಜರ್ ಹಾಕುವ ಸಣ್ಣ 6 ಆಂಪಿಯರ್ ಪಾಯಿಂಟ್ ತಾಳಬಲ್ಲದ್ದು ಹೆಚ್ಚೆಂದರೆ 1,380 ವ್ಯಾಟ್. ಸೋಲೋ ಓವನ್ ಅದರ ಅಂಚಿಗೆ ಬಂದು ನಿಲ್ಲುತ್ತದೆ. ಕನ್ವೆಕ್ಷನ್ ಓವನ್‌ಗೆ 10 ಆಂಪಿಯರ್‌ಗೂ ಹೆಚ್ಚು ಬೇಕು. ಅಂದರೆ ದೊಡ್ಡ ರಂಧ್ರಗಳ 16 ಆಂಪಿಯರ್ ಪವರ್ ಪಾಯಿಂಟ್ ಬೇಕೇ ಬೇಕು. ಸೋಲೋ ಮಾದರಿಗಳಲ್ಲೂ ಹಲವು 16 ಆಂಪಿಯರ್ ಪ್ಲಗ್‌ನೊಂದಿಗೇ ಬರುತ್ತವೆ.

ಪ್ಲಗ್ ದೊಡ್ಡದು, ಪಾಯಿಂಟ್ ಚಿಕ್ಕದು ಎಂದಾಗ ಜನ ಮಾಡುವುದು ಎರಡೇ. ಅಂಗಡಿಯಿಂದ ಕನ್ವರ್ಟರ್ ತರುತ್ತಾರೆ, ಇಲ್ಲವೇ ಎಕ್ಸ್‌ಟೆನ್ಷನ್ ಬೋರ್ಡ್ ಹಾಕುತ್ತಾರೆ. ಎರಡೂ ಸಲ್ಲದು. ಕನ್ವರ್ಟರ್ ಪ್ಲಗ್ಗಿನ ಆಕಾರವನ್ನು ಬದಲಿಸುತ್ತದೆಯೇ ಹೊರತು ಗೋಡೆಯೊಳಗಿನ ತಂತಿಯನ್ನು ದಪ್ಪ ಮಾಡುವುದಿಲ್ಲ. ತೆಳುವಾದ ತಂತಿ ಬಿಸಿಯಾಗಿ ಅದರ ಹೊದಿಕೆ ಕರಗುವುದು ಹೊರಗೆ ಕಾಣುವುದೂ ಇಲ್ಲ. ಓವನ್ ಚಾಲೂ ಇದ್ದಾಗ ಪ್ಲಗ್ ಮುಟ್ಟಿ ನೋಡಿದರೆ ಸುಡುವಷ್ಟು ಬಿಸಿಯಾಗಿದ್ದರೆ ಅಥವಾ ಸುಟ್ಟ ವಾಸನೆ ಬಂದರೆ ಅಲ್ಲಿಗೇ ನಿಲ್ಲಿಸಿ. 16 ಆಂಪಿಯರ್ ಪಾಯಿಂಟ್‌ಗೆ ಕನಿಷ್ಠ 2.5 ಚದರ ಮಿ.ಮೀ ತಾಮ್ರದ ತಂತಿ ಇರಬೇಕು, ಆ ಲೈನ್‌ಗೆ ಪ್ರತ್ಯೇಕ ಎಂಸಿಬಿ ಇದ್ದರೆ ಒಳ್ಳೆಯದು. ಗೀಸರ್, ಇಂಡಕ್ಷನ್ ಒಲೆ ಮತ್ತು ಓವನ್ ಒಂದೇ ಲೈನ್‌ನಲ್ಲಿದ್ದರೆ ಮೂರನ್ನೂ ಒಟ್ಟಿಗೆ ಹಚ್ಚಬೇಡಿ. ಎಂಸಿಬಿ ಪದೇ ಪದೇ ಬೀಳುತ್ತಿದೆ ಎಂದು ದೊಡ್ಡ ಎಂಸಿಬಿ ಹಾಕಿಸುವುದಂತೂ ಕಾವಲುಗಾರನನ್ನು ಮಲಗಿಸಿದ ಹಾಗೆ.

ಅರ್ಥಿಂಗ್ ಇದೆಯಾ, ಬರೀ ರಂಧ್ರವಾ?

ಬಾಡಿಗೆ ಕೋಣೆಗಳಲ್ಲಿ ಕೇಳಲೇಬೇಕಾದ ಪ್ರಶ್ನೆ ಇದು. ಪಾಯಿಂಟ್‌ನಲ್ಲಿ ಮೂರು ರಂಧ್ರಗಳಿವೆ ಎಂದ ಮಾತ್ರಕ್ಕೆ ಅರ್ಥಿಂಗ್ ಇದೆ ಎಂದಲ್ಲ. ಮೇಲಿನ ದೊಡ್ಡ ರಂಧ್ರಕ್ಕೆ ಹಿಂದೆ ತಂತಿಯನ್ನೇ ಜೋಡಿಸದ ಮನೆಗಳೂ ಇರುತ್ತವೆ. ಓವನ್‌ನ ಹೊರಮೈ ಲೋಹದ್ದು. ಒಳಗೆ ಎಲ್ಲಾದರೂ ವಿದ್ಯುತ್ ಸೋರಿದರೆ ಅದು ಅರ್ಥ್ ತಂತಿಯ ಮೂಲಕ ನೆಲಕ್ಕೆ ಹೋಗಬೇಕು. ಆ ದಾರಿ ಇಲ್ಲದಿದ್ದರೆ ಮುಟ್ಟಿದವರ ಮೈಯೇ ದಾರಿಯಾಗುತ್ತದೆ.

ಎಲೆಕ್ಟ್ರಿಷಿಯನ್ ಬಳಿ ಮೀಟರ್ ಇದ್ದರೆ ಪರೀಕ್ಷೆ ಐದು ನಿಮಿಷದ ಕೆಲಸ. ಫೇಸ್ ಮತ್ತು ಅರ್ಥ್ ನಡುವೆ ಹೆಚ್ಚುಕಡಿಮೆ ಪೂರ್ತಿ ವೋಲ್ಟೇಜ್ ತೋರಿಸಬೇಕು, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಕೆಲವೇ ವೋಲ್ಟ್ ಇರಬೇಕು. ಇದನ್ನು ಸ್ವತಃ ಮಾಡಲು ಹೋಗಬೇಡಿ. ಮೂರನೇ ಪಿನ್ ಮುರಿದು ಎರಡು ಪಿನ್‌ನಲ್ಲಿ ಓಡಿಸುವುದು ಬೇಡವೇ ಬೇಡ. 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿದರೆ ಸೋರಿಕೆ ಕಂಡ ಕ್ಷಣವೇ ವಿದ್ಯುತ್ ಕಡಿತವಾಗುತ್ತದೆ. ಮನೆ ಮಾಲೀಕರನ್ನು ಒಪ್ಪಿಸುವುದು ಕಷ್ಟ ನಿಜ. ಆದರೆ ಇದು ಓವನ್‌ಗಷ್ಟೇ ಅಲ್ಲ, ನೀರು ಕಾಯಿಸುವ ಕಾಯಿಲ್‌ಗೂ, ವಾಷಿಂಗ್ ಮೆಷಿನ್‌ಗೂ ಬೇಕಾದ ರಕ್ಷಣೆ.

ಇಡುವ ಜಾಗ

ಬಾಕ್ಸ್ ತೆರೆದ ಕೂಡಲೇ ಬಾಗಿಲು ನೋಡಿ. ಸಾಗಿಸುವಾಗ ಸೊಟ್ಟಗಾಗಿದ್ದರೆ, ಸರಿಯಾಗಿ ಮುಚ್ಚದಿದ್ದರೆ ಪ್ಲಗ್ ಹಾಕದೆ ಮರಳಿಸಿ. ಒಳಗಿನ ಗೋಡೆಯಲ್ಲಿ ರಟ್ಟಿನಂತೆ ಕಾಣುವ ಒಂದು ತುಂಡು ಇರುತ್ತದೆ. ಪ್ಯಾಕಿಂಗ್ ಎಂದು ಅದನ್ನು ಕಿತ್ತು ಎಸೆಯಬೇಡಿ! ಅದು ತರಂಗ ಬರುವ ದಾರಿಗೆ ಹಾಕಿದ ಅಭ್ರಕದ ಮುಚ್ಚಳ.

ಓವನ್‌ಗೆ ಉಸಿರಾಡಲು ಜಾಗ ಬೇಕು. ಎಷ್ಟು ಎಂಬುದು ಮಾದರಿಯಿಂದ ಮಾದರಿಗೆ ಬೇರೆ, ಪುಸ್ತಿಕೆಯಲ್ಲಿ ಬರೆದಿರುತ್ತದೆ. ಸಾಮಾನ್ಯವಾಗಿ ಮೇಲೆ 20ರಿಂದ 30 ಸೆಂ.ಮೀ, ಹಿಂದೆ ಸುಮಾರು 10 ಸೆಂ.ಮೀ ಬಿಡಲು ಹೇಳುತ್ತಾರೆ. ಕಪಾಟಿನೊಳಗೆ ತುರುಕುವುದು, ಮೇಲೆ ಕಸೂತಿ ಬಟ್ಟೆ ಹೊದಿಸಿ ಅದರ ಮೇಲೆ ರೊಟ್ಟಿ ಡಬ್ಬಿ ಇಡುವುದು ನೋಡಲು ಚೆಂದ, ಆದರೆ ಗಾಳಿ ಹೋಗುವ ಕಿಂಡಿಗಳು ಮುಚ್ಚುತ್ತವೆ. ಗ್ಯಾಸ್ ಒಲೆ ಮತ್ತು ಸಿಂಕ್ ಎರಡರಿಂದಲೂ ದೂರವಿರಲಿ. ಕೆಳಗಿನ ಕಟ್ಟೆ ಸಮತಟ್ಟಾಗಿ, 20 ಕೆ.ಜಿ ತಡೆಯುವಷ್ಟು ಗಟ್ಟಿಯಾಗಿ ಇರಬೇಕು.

ಮೊದಲ ಸಲ ಗಾಜಿನ ಲೋಟದಲ್ಲಿ ನೀರಿಟ್ಟು ಒಂದು ನಿಮಿಷ ಓಡಿಸಿ ನೋಡಿ. ಖಾಲಿ ಓವನ್ ಅನ್ನು ಮೈಕ್ರೋವೇವ್ ಮೋಡ್‌ನಲ್ಲಿ ಚಾಲೂ ಮಾಡಬಾರದು. ಹೀರಿಕೊಳ್ಳಲು ಏನೂ ಇಲ್ಲದೆ ತರಂಗಗಳು ಮ್ಯಾಗ್ನೆಟ್ರಾನ್‌ಗೇ ಮರಳಿ ಅದು ಕೆಡಬಹುದು.

ಸ್ಟೀಲ್ ಡಬ್ಬಿಯ ಸಮಸ್ಯೆ

ನಮ್ಮ ಬುತ್ತಿ ಸ್ಟೀಲ್ ಡಬ್ಬಿಯಲ್ಲೇ ಇರುವುದು. ಲೋಹ ತರಂಗಗಳನ್ನು ಹಿಂದಕ್ಕೆ ತಳ್ಳುತ್ತದೆ, ಆದ್ದರಿಂದ ಡಬ್ಬಿಯೊಳಗಿನ ಅನ್ನ ಬಿಸಿಯಾಗುವುದೇ ಇಲ್ಲ. ಬದಲಿಗೆ ಅಂಚುಗಳಲ್ಲಿ, ಓವನ್ ಗೋಡೆಗೆ ಹತ್ತಿರವಾದಲ್ಲಿ ಕಿಡಿ ಹಾರುತ್ತದೆ. ಚಮಚ, ಅಲ್ಯುಮಿನಿಯಂ ಫಾಯಿಲ್, ಬಂಗಾರದ ಅಂಚಿನ ಪಿಂಗಾಣಿ ತಟ್ಟೆಗೂ ಇದೇ ಮಾತು. ಓವನ್ ಜೊತೆ ಕೊಟ್ಟ ಲೋಹದ ಸ್ಟ್ಯಾಂಡ್ ಯಾವ ಮೋಡ್‌ಗೆ ಎಂಬುದನ್ನು ಪುಸ್ತಿಕೆಯಲ್ಲೇ ನೋಡಬೇಕು.

ಶಾಖ ತಡೆಯುವ ಬೊರೊಸಿಲಿಕೇಟ್ ಗಾಜು, ಅಲಂಕಾರವಿಲ್ಲದ ಪಿಂಗಾಣಿ ಉತ್ತಮ. ಮೆಲಮೈನ್ ತಟ್ಟೆ ಬೇಡ. ಪ್ಲಾಸ್ಟಿಕ್ ಆದರೆ 'ಮೈಕ್ರೋವೇವ್ ಸೇಫ್' ಎಂದು ಬರೆದಿರಬೇಕು. ಹೋಟೆಲ್ ಪಾರ್ಸೆಲ್‌ನ ತೆಳು ಡಬ್ಬಿ, ಹಾಲಿನ ಪ್ಯಾಕೆಟ್, ಹಳೆಯ ದಿನಪತ್ರಿಕೆ ಯಾವುದೂ ಅದಲ್ಲ. ಮುಚ್ಚಳವನ್ನು ಬಿಗಿಯಾಗಿ ಹಾಕದೆ ಆವಿ ಹೋಗಲು ಸಂದು ಬಿಡಿ.

ಮೊಟ್ಟೆಯ ವಿಷಯದಲ್ಲಿ ಹಲವರು ಮೋಸ ಹೋಗುತ್ತಾರೆ. ಹಸಿ ಮೊಟ್ಟೆ ಸಿಡಿಯುತ್ತದೆ ಎಂದು ಗೊತ್ತಿರುತ್ತದೆ, ಬೇಯಿಸಿ ಸುಲಿದ ಮೊಟ್ಟೆಯೂ ಸಿಡಿಯುತ್ತದೆ ಎಂದು ಗೊತ್ತಿರುವುದಿಲ್ಲ. ಅದೂ ಕೆಲವೊಮ್ಮೆ ಹೊರತೆಗೆದು ಚಮಚ ತಾಗಿಸಿದಾಗ, ಮುಖದ ಎದುರಿಗೇ.

ನೀರಿನದ್ದು ಇನ್ನೂ ವಿಚಿತ್ರ. ನಯವಾದ ಲೋಟದಲ್ಲಿ ಶುದ್ಧ ನೀರನ್ನು ಹೆಚ್ಚು ಹೊತ್ತು ಕಾಯಿಸಿದರೆ ಗುಳ್ಳೆ ಏಳದೆಯೇ ಅದು ಕುದಿಯುವ ಬಿಂದುವನ್ನು ದಾಟಬಹುದು. ನೋಡಲು ಶಾಂತ. ಕಾಫಿ ಪುಡಿ ಹಾಕಿದ ಅಥವಾ ಲೋಟ ಅಲುಗಾಡಿದ ಕ್ಷಣ ಉಕ್ಕಿ ಕೈ, ಮುಖದ ಮೇಲೆ ಎರಚುತ್ತದೆ. ಹಾಗಾಗಿ ಅಗತ್ಯಕ್ಕಿಂತ ಹೆಚ್ಚು ಹೊತ್ತು ಕಾಯಿಸಬೇಡಿ, ಒಳಗೊಂದು ಮರದ ಕಡ್ಡಿ ಹಾಕಿ, ನಿಂತ ಮೇಲೆ ಅರ್ಧ ನಿಮಿಷ ಬಿಟ್ಟು ತೆಗೆಯಿರಿ.

ಮಗುವಿನ ಹಾಲು, ನಿನ್ನೆಯ ಅನ್ನ

ಆಗಲೇ ಹೇಳಿದ ವಿಷಯ ಇಲ್ಲಿ ಬರುತ್ತದೆ. ಓವನ್ ಎಲ್ಲ ಭಾಗವನ್ನೂ ಸಮನಾಗಿ ಬಿಸಿ ಮಾಡುವುದಿಲ್ಲ. ಮಗುವಿನ ಹಾಲಿನ ಬಾಟಲಿ ಹೊರಗೆ ಬೆಚ್ಚಗಿದ್ದು, ನಡುವಿನ ಹಾಲು ಬಾಯಿ ಸುಡುವಷ್ಟು ಬಿಸಿಯಿರಬಹುದು. ಅದಕ್ಕಾಗಿಯೇ ಆರೋಗ್ಯ ಸಂಸ್ಥೆಗಳು ಬಾಟಲಿಯನ್ನು ಮೈಕ್ರೋವೇವ್‌ನಲ್ಲಿ ಇಡಬೇಡಿ ಎನ್ನುತ್ತವೆ. ಬಿಸಿ ನೀರಿನ ಪಾತ್ರೆಯಲ್ಲಿ ಬಾಟಲಿ ಇಟ್ಟು ಬೆಚ್ಚಗೆ ಮಾಡುವ ಅಜ್ಜಿಯ ವಿಧಾನವೇ ಸರಿ.

ಉಳಿದ ಅಡುಗೆಗೆ ಇದೇ ದೋಷ ತಿರುವುಮುರುವು. ಅಂಚು ಕುದಿಯುತ್ತಿದ್ದರೂ ನಡುಭಾಗ ತಣ್ಣಗಿದ್ದು ಅಲ್ಲಿ ರೋಗಾಣುಗಳು ಉಳಿಯುತ್ತವೆ. ಮಧ್ಯೆ ಒಮ್ಮೆ ತೆಗೆದು ಕಲಸಬೇಕು, ನಂತರ ಒಂದೆರಡು ನಿಮಿಷ ಹಾಗೇ ಬಿಡಬೇಕು. ಎಲ್ಲ ಕಡೆ 74 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು ಎಂಬುದು ಅಮೆರಿಕದ ಆಹಾರ ಸುರಕ್ಷತಾ ನಿಯಮ. ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಬಿಡುವ ಒಂದು ಬಗೆಯ ವಿಷ ಬಿಸಿ ಮಾಡಿದರೂ ಹೋಗುವುದಿಲ್ಲ. ಬೆಳಿಗ್ಗೆ ಮಾಡಿ ಹೊರಗೇ ಇಟ್ಟ ಅನ್ನವನ್ನು ರಾತ್ರಿ ಓವನ್ ಉಳಿಸಲಾರದು.

ಅಂದಹಾಗೆ, ಜೋಳದ ರೊಟ್ಟಿಯನ್ನು ಹಾಗೇ ಇಟ್ಟರೆ ರಟ್ಟಾಗುತ್ತದೆ. ಒದ್ದೆ ಬಟ್ಟೆಯಲ್ಲಿ ಸುತ್ತಿ 15–20 ಸೆಕೆಂಡ್ ಇಟ್ಟರೆ ಸಾಕು. ಶೇಂಗಾ, ಒಣಕೊಬ್ಬರಿ ಹುರಿಯುವಾಗ ಓವನ್ ಬಿಟ್ಟು ಕದಲಬೇಡಿ. ನೀರಿಲ್ಲದ ಪದಾರ್ಥ ಬೇಗ ಹೊತ್ತಿಕೊಳ್ಳುತ್ತದೆ.

ವಿಕಿರಣದಿಂದ ಕ್ಯಾನ್ಸರ್ ಬರುತ್ತದೆಯೇ?

ಮೈಕ್ರೋವೇವ್ ಎಂಬುದು ಎಕ್ಸ್‌ರೇಯಂತಹ ವಿಕಿರಣವಲ್ಲ, ಅದು ರೇಡಿಯೊ ಅಲೆಗಳ ಕುಟುಂಬಕ್ಕೆ ಸೇರಿದ್ದು. ಆಹಾರವನ್ನು ವಿಕಿರಣಶೀಲ ಮಾಡುವುದಿಲ್ಲ, ಓವನ್ ನಿಂತೊಡನೆ ತರಂಗವೂ ನಿಲ್ಲುತ್ತದೆ. ತರಂಗದ ಉದ್ದ ಸುಮಾರು 12 ಸೆಂ.ಮೀ ಆದ್ದರಿಂದ ಬಾಗಿಲಿನ ಜಾಲರಿಯ ಚಿಕ್ಕ ರಂಧ್ರಗಳಿಂದ ಅದು ಹೊರಬರಲಾರದು, ಬೆಳಕು ಮಾತ್ರ ಬರುತ್ತದೆ. ಅಮೆರಿಕದ ಎಫ್‌ಡಿಎ ನಿಯಮದಂತೆ ಓವನ್‌ನಿಂದ 5 ಸೆಂ.ಮೀ ದೂರದಲ್ಲಿ ಸೋರಿಕೆ ಅದರ ಆಯುಷ್ಯದುದ್ದಕ್ಕೂ ಚದರ ಸೆಂ.ಮೀಗೆ 5 ಮಿಲಿವ್ಯಾಟ್ ಮೀರಬಾರದು. ಭಾರತದಲ್ಲೂ ಮೈಕ್ರೋವೇವ್ ಓವನ್‌ಗಳು 2013ರಿಂದ ಬಿಐಎಸ್‌ನ ಕಡ್ಡಾಯ ನೋಂದಣಿ ಪಟ್ಟಿಯಲ್ಲಿವೆ. ಖರೀದಿಸುವಾಗ ಬಿಐಎಸ್ ಗುರುತು ಮತ್ತು 'ಆರ್' ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ನೋಡಿ.

ಬಾಗಿಲು ಕೆಟ್ಟರೆ ಮಾತ್ರ ಈ ಭರವಸೆ ಉಳಿಯುವುದಿಲ್ಲ. ಹಿಂಜು ಸಡಿಲ, ಸೀಲ್‌ನಲ್ಲಿ ಬಿರುಕು, ಗಾಜು ಒಡೆದಿದೆ, ಅಥವಾ ಬಾಗಿಲು ತೆರೆದರೂ ಓಡುತ್ತಲೇ ಇದೆ ಎಂದಾದರೆ ಬಳಸಬೇಡಿ. ಮೊಬೈಲನ್ನು ಓವನ್‌ನಲ್ಲಿಟ್ಟು ಕರೆ ಮಾಡಿ ಸೋರಿಕೆ ಪರೀಕ್ಷಿಸುವ ವಿಡಿಯೊಗಳು ಹರಿದಾಡುತ್ತವೆ, ಅದು ನಂಬುವ ಪರೀಕ್ಷೆಯಲ್ಲ. ಪೇಸ್‌ಮೇಕರ್ ಹಾಕಿಸಿಕೊಂಡವರು ವೈದ್ಯರನ್ನು ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು.

ಬೆಂಕಿ ಕಂಡರೆ ಬಾಗಿಲು ತೆಗೆಯಬೇಡಿ

ಕೈ ಮೊದಲು ಹೋಗುವುದು ಬಾಗಿಲಿನ ಕಡೆಗೇ. ಆದರೆ ತೆರೆದರೆ ಬೆಂಕಿಗೆ ಗಾಳಿ ಸಿಗುತ್ತದೆ. ಓವನ್ ಆಫ್ ಮಾಡಿ, ಗೋಡೆಯ ಸ್ವಿಚ್ ಆರಿಸಿ, ಬಾಗಿಲು ಮುಚ್ಚಿಯೇ ಇರಲಿ. ಹೆಚ್ಚಿನ ಸಲ ಒಳಗಿನ ಬೆಂಕಿ ತಾನೇ ನಂದುತ್ತದೆ. ನೀರು ಎರಚಬೇಡಿ. ಹೊರಗೆ ಹರಡಿದರೆ ಮನೆಯಿಂದ ಹೊರಬಂದು 101 ಅಥವಾ 112ಕ್ಕೆ ಕರೆ ಮಾಡಿ.

ಮನೆಯಲ್ಲಿ ಬಿಚ್ಚಿದರೆ ಪ್ರಾಣಕ್ಕೆ ಕುತ್ತು

ಸ್ಕ್ರೂಡ್ರೈವರ್ ಹಿಡಿಯುವ ಕೈಗಳು ಕಾರ್ಖಾನೆ ಊರಿನಲ್ಲಿ ಬಹಳ. ಮಿಕ್ಸಿ, ಫ್ಯಾನ್ ರಿಪೇರಿ ಮಾಡಿದ ಧೈರ್ಯ ಇಲ್ಲಿ ಕೆಲಸಕ್ಕೆ ಬರದು. ಮ್ಯಾಗ್ನೆಟ್ರಾನ್ ಓಡಲು ಸುಮಾರು 4,000 ವೋಲ್ಟ್ ಬೇಕು. ಅದಕ್ಕಾಗಿ ಒಳಗಿರುವ ಕೆಪಾಸಿಟರ್ ಪ್ಲಗ್ ಕಿತ್ತ ಮೇಲೂ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರಬಹುದು. ಹಳೆಯ ಓವನ್‌ನ ಟ್ರಾನ್ಸ್‌ಫಾರ್ಮರ್ ತೆಗೆದು ಮರದ ಮೇಲೆ ಮಿಂಚಿನಂತಹ ಚಿತ್ತಾರ ಸುಡುವ ಹವ್ಯಾಸ ಅಮೆರಿಕದಲ್ಲಿ 30ಕ್ಕೂ ಹೆಚ್ಚು ಜನರ ಜೀವ ತೆಗೆದಿದೆ. ಅಲ್ಲಿನ ಮರಕೆತ್ತನೆಗಾರರ ಸಂಘ ಅದನ್ನು ತನ್ನ ಕಾರ್ಯಕ್ರಮಗಳಲ್ಲಿ ನಿಷೇಧಿಸಿದೆ. ಅದರ ವಿಡಿಯೊಗಳು ಇಲ್ಲಿಯೂ ಮಕ್ಕಳ ಮೊಬೈಲ್‌ಗೆ ಬರುತ್ತವೆ.

ಮನೆಯವರು ಮಾಡಬಹುದಾದದ್ದು ಸ್ವಚ್ಛತೆ ಮಾತ್ರ. ಪ್ಲಗ್ ತೆಗೆದು, ತಣ್ಣಗಾದ ಮೇಲೆ ಒದ್ದೆ ಬಟ್ಟೆಯಿಂದ ಒರೆಸಿ. ಅಭ್ರಕದ ಮುಚ್ಚಳದ ಮೇಲೆ ಎಣ್ಣೆ ಜಿಡ್ಡು ಕೂತು ಸುಟ್ಟರೆ ಕಿಡಿ ಹಾರತೊಡಗುತ್ತದೆ. ಹಾಗಾದರೆ ಬಳಕೆ ನಿಲ್ಲಿಸಿ ಸರ್ವಿಸ್‌ನವರಿಂದ ಅದನ್ನು ಬದಲಿಸಿ. ವಾರಂಟಿ ಇದ್ದೂ ಕಂಪನಿ ಸ್ಪಂದಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಅದಕ್ಕೆ ಬಿಲ್ ಮತ್ತು ಓವನ್ ಹಿಂಬದಿಯ ಸೀರಿಯಲ್ ನಂಬರ್ ಬೇಕಾಗುತ್ತದೆ. ಓವನ್ ಗೋಡೆ ಸೇರುವ ಮೊದಲೇ ಆ ಚೀಟಿಯ ಫೋಟೊ ತೆಗೆದಿಟ್ಟುಕೊಳ್ಳಿ.