ಬೇಸಿಗೆ ಸೂಟಿ: ನಮ್ಮ ಓಣಿಯಲ್ಲೇ ಹಗಲು ಶಿಬಿರ

ಸಂಘದ ಅಕ್ಕ-ತಂಗಿಯರೇ,

ಏಪ್ರಿಲ್‌ನಲ್ಲಿ ಸಾಲಿ ಸೂಟಿ ಶುರುವಾಗುತ್ತದೆ. ತಾಯಂದಿರು ಕೆಲಸಕ್ಕೆ ಹೋದಾಗ ಮಕ್ಕಳು ಎಲ್ಲಿರಬೇಕು? ಕೀಲಿ ಹಾಕಿದ ಮನೆಯಲ್ಲಿ ಮೊಬೈಲ್ ಹಿಡಿದು ಕೂಡ್ರುತ್ತಾರೆ, ಇಲ್ಲವೇ ಯಾರಿಗೂ ಹೇಳದೆ ಕೆರೆಗೆ ಈಜಲು ಹೋಗುತ್ತಾರೆ. ಎರಡೂ ಅಪಾಯವೇ.

ಮೈಸೂರು ರಂಗಾಯಣದ ‘ಚಿನ್ನರ ಮೇಳ’ದಂಥ ಶಿಬಿರಗಳಲ್ಲಿ ಮಕ್ಕಳು ಹಾಡಿ, ಆಡಿ, ನಾಟಕ ಕಲಿಯುತ್ತಾರೆ. ಎಲ್ಲರಿಗೂ ಅಲ್ಲಿಗೆ ಹೋಗಲಾಗದು. ಆದರೆ ಸಪ್ತಾಪುರದಲ್ಲಿ ನಾಲ್ಕೈದು ಸಂಘ ಕೂಡಿದರೆ ಸಣ್ಣ ಶಿಬಿರ ನಾವೇ ನಡೆಸಬಹುದು.

ಸಮಯ: ಮುಂಜಾನೆ 7.30ರಿಂದ 10.30. ಬಿಸಿಲೇರುವ ಮೊದಲು ಆಟ ಮುಗಿಯಲಿ.

ಜಾಗ: ಗಿಡದ ನೆರಳು, ಕುಡಿಯುವ ನೀರು, ಶೌಚಾಲಯ ಇರಲಿ. ಕೆರೆ, ಬಾವಿ, ದೊಡ್ಡ ರಸ್ತೆ ದೂರವಿರಲಿ.

ಜವಾಬ್ದಾರಿ: ಪಾಳಿ ಪ್ರಕಾರ ಯಾವಾಗಲೂ ಇಬ್ಬರು ತಾಯಂದಿರು ಇರಬೇಕು. ಬಂದಾಗ, ಹೋಗುವಾಗ ಹೆಸರು ಕರೆಯಿರಿ. ಕರೆದೊಯ್ಯುವವರು ಯಾರೆಂದು ಮೊದಲೇ ಬರೆದಿಡಿ.

ಕಲಿಕೆ: ಲಗೋರಿ, ಚಿನ್ನಿದಾಂಡು, ಕುಂಟಾಬಿಲ್ಲೆ ಆಡಿಸಿ. ಗಿಡ, ಹಕ್ಕಿ ಗುರುತಿಸಲು ಹೇಳಿ. ಅಜ್ಜಿಯಂದಿರನ್ನು ಕರೆದು ಕಥೆ ಹೇಳಿಸಿ.

ಊಟ-ನೀರು: ಮಜ್ಜಿಗೆ, ಅವಲಕ್ಕಿ ಸಾಕು. ಬಾಯಾರಿಕೆ ಆಗುವ ತನಕ ಕಾಯದೆ ಆಗಾಗ ನೀರು ಕುಡಿಸಿ.

ಮಗುವಿಗೆ ತಲೆಸುತ್ತು, ವಾಕರಿಕೆ ಬಂದರೆ ನೆರಳಿಗೆ ಒಯ್ದು, ಒದ್ದೆ ಬಟ್ಟೆಯಿಂದ ಮೈ ಒರೆಸಿ, ಗುಟುಕು ಗುಟುಕಾಗಿ ನೀರು ಕೊಡಿ. ಎಚ್ಚರ ತಪ್ಪಿದರೆ ಬಾಯಿಗೆ ಏನೂ ಹಾಕಬೇಡಿ. ತಕ್ಷಣ 108ಕ್ಕೆ ಫೋನ್ ಮಾಡಿ. ಮಕ್ಕಳಿಗೆ ಯಾರಿಂದಲಾದರೂ ತೊಂದರೆಯಾದರೆ ಮಕ್ಕಳ ಸಹಾಯವಾಣಿ 1098.

ಬರುವ ವಾರದ ಸಭೆಯಲ್ಲೇ ಚರ್ಚಿಸಿ, ಯಾರ ಪಾಳಿ ಯಾವ ದಿನವೆಂದು ಠರಾವು ಪುಸ್ತಕದಲ್ಲಿ ಬರೆಯೋಣ.