ಅಕ್ಕಿ ಎಲ್ಲಿದ್ರೂ ಸಿಗುತ್ತೆ, ಮನೆ ಕೇಳಿದ್ರೆ 'ಯಾವ ಊರು?' ಅಂತಾರೆ

ಇವತ್ತಿನ ಎಪಿಸೋಡ್ ಅರ್ಧಕ್ಕೇ ನಿಂತ ಒಂದು ಅರ್ಜಿಯ ಬಗ್ಗೆ.

ಬೆಂಗಳೂರಿನ ಪೀಣ್ಯದ ಹತ್ತಿರ ನಾನಿರೋ ಬೀದಿಯಲ್ಲೇ ಒಬ್ಬ ಅಕ್ಕ ಇದ್ದಾರೆ. ಸಿಂಧನೂರು ಕಡೆಯವರು, ಗಾರ್ಮೆಂಟ್ಸ್‌ನಲ್ಲಿ ಟೈಲರ್. ಗಂಡ ಸೆಂಟ್ರಿಂಗ್ ಕೆಲಸಕ್ಕೆ ಹೋಗ್ತಾರೆ. ಇಲ್ಲಿಗೆ ಬಂದು ಒಂಬತ್ತು ವರ್ಷ ಆಯ್ತು. ಹೋದ ಭಾನುವಾರ ಫೋನ್ ಹಿಡ್ಕೊಂಡು ಬಂದ್ರು. "ತಮ್ಮಾ, ಇಲ್ಲೇ ಒಂದು ಸರ್ಕಾರಿ ಮನಿಗೆ ಅರ್ಜಿ ಹಾಕಿಕೊಡು."

ಹಾಕೋಣ ಅಂತ ಕೂತ್ವಿ. ವಾರ್ಷಿಕ ಆದಾಯ 3 ಲಕ್ಷದೊಳಗೆ, ಓಕೆ. ಮನೆಯವರೆಲ್ಲರ ಆಧಾರ್, ಅದೂ ಇದೆ. ಆಮೇಲೆ ಬಂತು ನೋಡಿ ಆ ಪ್ರಶ್ನೆ: ದೇಶದಲ್ಲಿ ಎಲ್ಲಾದರೂ ನಿಮ್ಮ ಕುಟುಂಬದ ಹೆಸರಲ್ಲಿ ಪಕ್ಕಾ ಮನೆ ಇದೆಯಾ?

"ನಮ್ಮ ಅತ್ತಿ ಹೆಸರ್‍ಲೆ ಐತಿ. ಮತ್ತ ಈ ಸಲ ಪಂಚಾಯ್ತಿಯವ್ರು ನನ್ನ ಹೆಸರು ಲಿಸ್ಟಿನ್ಯಾಗ ಬರದಾರ," ಅಂದ್ರು ಅಕ್ಕ. ನಾನು ಟೈಪ್ ಮಾಡೋದು ನಿಲ್ಲಿಸಿದೆ.

ಅತ್ತೆ ಮನೆಯಿಂದ ತೊಂದರೆ ಇಲ್ಲ. 2024ರಲ್ಲಿ ಶುರುವಾದ ಪ್ರಧಾನಮಂತ್ರಿ ಆವಾಸ್ ನಗರ 2.0ರಲ್ಲಿ ಕುಟುಂಬ ಅಂದ್ರೆ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು ಅಷ್ಟೇ. ಅಪ್ಪ-ಅಮ್ಮನ ಮನೆ ಮದುವೆಯಾದ ಮಗನ ಲೆಕ್ಕಕ್ಕೆ ಬರಲ್ಲ. ಎಷ್ಟೋ ಜನ ಇದು ಗೊತ್ತಿಲ್ಲದೆ ಅರ್ಜಿಯನ್ನೇ ಹಾಕಲ್ಲ.

ಸಮಸ್ಯೆ ಇರೋದು ಆ ಲಿಸ್ಟ್‌ನಲ್ಲಿ. ಹೆಸರು ಬಂದ ಮಾತ್ರಕ್ಕೆ ಏನೂ ಆಗಲ್ಲ. ಆದರೆ ಮನೆ ಮಂಜೂರಾಗಿ ಸಹಾಯಧನ ತಗೊಂಡ್ರೆ, ನಗರದ ಈ ಯೋಜನೆಯ ಬಾಗಿಲು ಮುಚ್ಚಿದ ಹಾಗೇ. ಕೇಂದ್ರದ್ದಾಗಲಿ ರಾಜ್ಯದ್ದಾಗಲಿ, ಹಿಂದಿನ 20 ವರ್ಷದಲ್ಲಿ ಯಾವುದೇ ಸರ್ಕಾರಿ ವಸತಿ ಯೋಜನೆಯ ಲಾಭ ಪಡೆದಿದ್ದರೆ ಇಲ್ಲಿ ಅರ್ಹರಲ್ಲ. ನಮ್ಮ ರಾಜ್ಯದಲ್ಲಿ ಊರಿನ ಮನೆ ಸಾಮಾನ್ಯವಾಗಿ ಹೆಣ್ಣುಮಕ್ಕಳ ಹೆಸರಿಗೇ ಮಂಜೂರಾಗೋದು. 'ಅದು ಅವಳ ಹೆಸರಲ್ಲಿದೆ, ಇಲ್ಲಿ ನನ್ನ ಹೆಸರಲ್ಲಿ ಹಾಕ್ತೀನಿ' ಅಂತ ಗಂಡ ಹೊರಟರೂ ಆಗಲ್ಲ. ಆಧಾರ್ ಇಡೀ ಕುಟುಂಬದ್ದು ಕೇಳೋದೇ ಅದಕ್ಕೆ.

ಒಮ್ಮೆ ಯೋಚಿಸಿ. ಮನೆ ಇದೆಯಾ ಅಂತ ಕೇಳೋವಾಗ ಲೆಕ್ಕ ಇಡೀ ದೇಶದ್ದು. ಮನೆ ಕೊಡೋವಾಗ ಮಾತ್ರ 'ನೀವು ಈ ಊರಿನವರಾ?' ಊರಲ್ಲಿ ಫಲಾನುಭವಿಗಳ ಆಯ್ಕೆ ಗ್ರಾಮಸಭೆಯಲ್ಲಿ. ಅಲ್ಲಿ ವಾಸ ಇಲ್ಲದವರ ಹೆಸರು ಬಂದ್ರೆ ಯಾರಾದ್ರೂ ಎದ್ದು ತಕರಾರು ತೆಗೀಬಹುದು. ಬೆಂಗಳೂರಿನ ಬಹುಮಹಡಿ ಯೋಜನೆಗೆ ಹೋದ್ರೆ ಇಲ್ಲಿ ವಾಸ ಇರೋದಕ್ಕೆ ದಾಖಲೆ ಬೇಕು. ರೇಷನ್ ನೋಡಿ, ಒಂದು ದೇಶ ಒಂದು ಪಡಿತರ ಚೀಟಿ ಬಂದ ಮೇಲೆ ರಾಯಚೂರಿನ ಕಾರ್ಡಿಗೆ ಬೆಂಗಳೂರಲ್ಲೂ ಅಕ್ಕಿ ಸಿಗುತ್ತೆ. ಮನೆಗೆ ಅಂಥ ವ್ಯವಸ್ಥೆ ಇಲ್ಲ.

ವಾಸದ ದಾಖಲೆ ಅಂದ್ರೆ ಮತ್ತೊಂದು ಕಥೆ. ಅಕ್ಕನ ಆಧಾರ್‌ನಲ್ಲಿ ಇನ್ನೂ ಊರಿನ ವಿಳಾಸವೇ ಇದೆ. ಬದಲಾಯಿಸೋಕೆ ಬಾಡಿಗೆ ಕರಾರು ಬೇಕು, ಓನರ್ ಬರೆದುಕೊಡಲ್ಲ. ಒಂಬತ್ತು ವರ್ಷ ಬಾಡಿಗೆ ಇಸ್ಕೊಂಡವರಿಗೆ ಒಂದು ಸಹಿ ಹಾಕೋಕೆ ಏನು ಕಷ್ಟವೋ! ಹೊರಗಿನಿಂದ ಬಂದು ಇಲ್ಲಿ ಇರೋರಿಗೆ ನಾನು ಹೇಳೋದಿಷ್ಟೇ: ಅರ್ಜಿ ಕರೆಯೋವರೆಗೆ ಕಾಯಬೇಡಿ. ಆಧಾರ್ ವಿಳಾಸ ಈಗಲೇ ಸರಿಮಾಡ್ಕೊಳ್ಳಿ. ವೋಟರ್ ಐಡಿಗೆ ಫಾರ್ಮ್ 8 ಹಾಕಿ. ಆದಾಯ, ಜಾತಿ ಪ್ರಮಾಣಪತ್ರ ನಾಡಕಚೇರಿಯಿಂದ ತಗೊಂಡು ಅದರ ಆರ್‌ಡಿ ನಂಬರ್ ಫೋನ್‌ನಲ್ಲಿ ಸೇವ್ ಮಾಡಿಟ್ಕೊಳ್ಳಿ. ಎಷ್ಟು ವರ್ಷದ ವಾಸ ಅನ್ನೋದನ್ನ ಆಯಾ ಪ್ರಕಟಣೆಯಲ್ಲೇ ಓದಿ, ಏಜೆಂಟ್ ಬಾಯಿಂದ ಕೇಳಬೇಡಿ.

ನಗರ 2.0ರಲ್ಲಿ ಸ್ವಂತ ಸೈಟ್ ಇದ್ದವರು ಮನೆ ಕಟ್ಟಿಕೊಳ್ಳೋಕೂ ಸಹಾಯಧನ ಇದೆ. ಅಕ್ಕನಿಗೆ ಸೈಟ್ ಎಲ್ಲಿಂದ ಬರಬೇಕು? ವಲಸೆ ಬಂದವರಿಗೆ ಕೈಗೆಟುಕುವ ಬಾಡಿಗೆ ಮನೆ ಅನ್ನೋ ಭಾಗವೂ ಇದೆ. ನನಗೆ ಕೇಳಿದ್ರೆ ಇವರಂಥವರಿಗೆ ನಿಜವಾಗಿ ಬೇಕಿರೋದು ಅದೇ.

ನಾನು ಬಿಕಾಂ, ಸುಮ್ನೆ ಕೂರೋಕಾಗಲ್ಲ, ಲೆಕ್ಕ ಹಾಕಿದೆ. ಕೇಂದ್ರದ ಗ್ರಾಮೀಣ ಯೋಜನೆಯಲ್ಲಿ ಬಯಲು ಪ್ರದೇಶಕ್ಕೆ ಸಹಾಯಧನ 1.20 ಲಕ್ಷ. ಅಕ್ಕ ಕಟ್ಟೋ ಬಾಡಿಗೆ ತಿಂಗಳಿಗೆ 6,500. ಅಂದ್ರೆ ಊರಿನ ಮನೆಯ ಸಹಾಯಧನ ಇಲ್ಲಿನ ಸುಮಾರು ಒಂದೂವರೆ ವರ್ಷದ ಬಾಡಿಗೆ. ಹಾಗಂತ ಇಲ್ಲಿನ ಫ್ಲಾಟ್ ಬಿಟ್ಟಿ ಅಲ್ಲ, ಸಬ್ಸಿಡಿ ಕಳೆದ ಮೇಲೂ ಲಕ್ಷಗಟ್ಟಲೆ ಕಟ್ಟಬೇಕು, ಬ್ಯಾಂಕ್ ಸಾಲ ಆಗಬೇಕು. ಊರಿನದ್ದು ತಳಪಾಯ, ಗೋಡೆ, ಛಾವಣಿ ಅಂತ ಹಂತಕ್ಕೊಂದು ಫೋಟೋ ಅಪ್‌ಲೋಡ್ ಆದ ಮೇಲೆ ಕಂತು ಬರೋದು. ಫ್ಯಾಕ್ಟರಿಗೆ ರಜೆ ಹಾಕಿ ಅಲ್ಲಿ ನಿಂತು ಕಟ್ಟಿಸೋರ್‍ಯಾರು?

ಇದೆಲ್ಲ ಹೇಳಿದೆ. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ರು. "ವಯಸ್ಸಾದ ಮ್ಯಾಲೆ ಇಲ್ಲಿ ಯಾರು ಇಟ್ಕೊಂತಾರ ನಮ್ಮನ್ನ? ಆದ್ರ ಹುಡುಗಿ ಸಾಲಿ ಇಲ್ಲೇ ಐತಲ್ಲ," ಅಂದ್ರು. ಮಗಳಿಗೆ ಈಗ ಎಂಟನೇ ಕ್ಲಾಸು.

ಅರ್ಜಿ ಸಬ್ಮಿಟ್ ಮಾಡಿಲ್ಲ, ಡಿಲೀಟೂ ಮಾಡಿಲ್ಲ. ಪಂಚಾಯ್ತಿಯವರಿಗೆ ಒಪ್ಪಿಗೆ ಹೇಳೋಕೆ ಹದಿನೈದು ದಿನ ಇದೆಯಂತೆ. ಗಂಡನ ಜೊತೆ ಮಾತಾಡಿ ಬರ್ತೀನಿ ಅಂದಿದ್ದಾರೆ.