ವಿದೇಶಿ ವಿವಿ ಜತೆ ಸಹಯೋಗ: ಕೊನೆಗೆ ಕೈಗೆ ಬರುವ ಪದವಿ ಯಾರದ್ದು?

ಎಂಜಿನಿಯರಿಂಗ್ ಸೀಟು ಹಂಚಿಕೆಯ ಕಾಲ ಬಂತೆಂದರೆ ಜಾಹೀರಾತುಗಳ ಭರಾಟೆ ಶುರುವಾಗುತ್ತದೆ. 'ವಿದೇಶಿ ವಿಶ್ವವಿದ್ಯಾಲಯದ ಸಹಯೋಗ', 'ಎರಡು ವರ್ಷ ಇಲ್ಲಿ, ಎರಡು ವರ್ಷ ಅಲ್ಲಿ', 'ಅಂತಾರಾಷ್ಟ್ರೀಯ ಪದವಿ' ಎಂಬ ಸಾಲುಗಳು ಪುಣೆ, ಚೆನ್ನೈ, ಹೈದರಾಬಾದ್, ಬೆಂಗಳೂರು ಎನ್ನದೆ ಎಲ್ಲ ಊರುಗಳ ಫಲಕಗಳಲ್ಲೂ ಕಾಣುತ್ತವೆ. ಪಕ್ಕದಲ್ಲಿ ಇಬ್ಬರು ಕುಲಪತಿಗಳು ಕಡತ ಹಿಡಿದು ಕೈಕುಲುಕುತ್ತಿರುವ ಫೋಟೋ. ಇದನ್ನು ನೋಡಿ ಲಕ್ಷಗಟ್ಟಲೆ ಶುಲ್ಕ ಕಟ್ಟಲು ಮುಂದಾಗುವ ಪೋಷಕರು ಕೇಳಬೇಕಾದ ಪ್ರಶ್ನೆ ಒಂದೇ: ನಾಲ್ಕು ವರ್ಷದ ನಂತರ ಕೈಗೆ ಬರುವ ಪದವಿ ಯಾರದ್ದು?

ಸಹಯೋಗ ಎಂಬ ಒಂದೇ ಪದದೊಳಗೆ ಬೇರೆ ಬೇರೆ ವ್ಯವಸ್ಥೆಗಳು ಅಡಗಿವೆ. ಕೆಲವು ಅಪ್ಪಟ ಚಿನ್ನ. ಕೆಲವು ಬರೀ ಫೋಟೋಗೆ ಸೀಮಿತ. ವ್ಯತ್ಯಾಸ ತಿಳಿಯಲು ಭಾರತದ ತಾಂತ್ರಿಕ ಶಿಕ್ಷಣ ಬೆಳೆದು ಬಂದ ದಾರಿಯನ್ನೇ ಒಮ್ಮೆ ನೋಡಬೇಕು.

ಐಐಟಿಗಳು ಹುಟ್ಟಿದ್ದೇ ಸಹಯೋಗದಿಂದ

ದೇಶದ ಮೊದಲ ಐಐಟಿ 1951ರಲ್ಲಿ ಖರಗ್‌ಪುರದಲ್ಲಿ ಆರಂಭವಾಯಿತು. ಆ ನಂತರ ಬಂದ ನಾಲ್ಕು ಐಐಟಿಗಳ ಹಿಂದೆ ಒಂದೊಂದು ವಿದೇಶದ ನೆರವಿತ್ತು. ಶೀತಲ ಸಮರದ ಆ ದಿನಗಳಲ್ಲಿ ಭಾರತ ಎರಡೂ ಬಣಗಳಿಂದ ಸಹಾಯ ಪಡೆದದ್ದು ವಿಶೇಷ.

ಮುಂಬೈಯ ಐಐಟಿಗೆ ಯುನೆಸ್ಕೊ ಮೂಲಕ ನೆರವು ನೀಡಿದ್ದು ಸೋವಿಯತ್ ಒಕ್ಕೂಟ. 1958ರಲ್ಲಿ ಮೊದಲ ತರಗತಿಗಳು ನಡೆದದ್ದು ಪವಾಯಿಯಲ್ಲಲ್ಲ, ವರ್ಲಿಯ ತಾತ್ಕಾಲಿಕ ಕಟ್ಟಡದಲ್ಲಿ. ಪವಾಯಿಯಲ್ಲಿ ಜವಾಹರಲಾಲ್ ನೆಹರು ಶಂಕುಸ್ಥಾಪನೆ ಮಾಡಿದ್ದು 1959ರ ಮಾರ್ಚ್‌ನಲ್ಲಿ. ಅದೇ ವರ್ಷ ಪಶ್ಚಿಮ ಜರ್ಮನಿಯ ನೆರವಿನಿಂದ ಮದ್ರಾಸ್ ಐಐಟಿ ಶುರುವಾಯಿತು. ದೆಹಲಿಯಲ್ಲಿ ಬ್ರಿಟನ್ ಸಹಕಾರದಿಂದ 1961ರಲ್ಲಿ ಆರಂಭವಾದ ಎಂಜಿನಿಯರಿಂಗ್ ಕಾಲೇಜು 1963ರಲ್ಲಿ ಐಐಟಿಯಾಯಿತು.

ಕಾನ್ಪುರದ ಕಥೆ ಇನ್ನೂ ಗಮನಾರ್ಹ. ಅಲ್ಲಿ ಕೈಜೋಡಿಸಿದ್ದು ಒಂದಲ್ಲ, ಅಮೆರಿಕದ ಒಂಬತ್ತು ಸಂಸ್ಥೆಗಳು. ಎಂಐಟಿ, ಬರ್ಕ್ಲಿ, ಕ್ಯಾಲ್‌ಟೆಕ್, ಪ್ರಿನ್ಸ್‌ಟನ್, ಪರ್ಡ್ಯೂ ಮುಂತಾದವು ಸೇರಿದ್ದ ಈ ಕೂಟ 1962ರಿಂದ 1972ರವರೆಗೆ ಕೆಲಸ ಮಾಡಿತು. 1963ರಲ್ಲಿ ಐಬಿಎಂ 1620 ಕಂಪ್ಯೂಟರ್ ಕಾನ್ಪುರಕ್ಕೆ ಬಂತು. ದೇಶದ ಬಹುಪಾಲು ಜನ ಕಂಪ್ಯೂಟರ್ ಎಂಬ ಹೆಸರನ್ನೂ ಕೇಳದಿದ್ದ ಕಾಲದಲ್ಲಿ ಅಲ್ಲಿನ ವಿದ್ಯಾರ್ಥಿಗಳು ಅದರ ಮೇಲೆ ಪ್ರೋಗ್ರಾಮ್ ಬರೆಯುತ್ತಿದ್ದರು.

ಈ ಸಹಯೋಗಗಳಲ್ಲಿ ಒಂದು ಸಮಾನ ಅಂಶವಿದೆ. ವಿದೇಶಿ ಪ್ರಾಧ್ಯಾಪಕರು ಬಂದರು, ಪಾಠ ಮಾಡಿದರು, ಪ್ರಯೋಗಾಲಯ ಕಟ್ಟಲು ನೆರವಾದರು. ಭಾರತೀಯ ಬೋಧಕರು ಆ ದೇಶಗಳಿಗೆ ಹೋಗಿ ತರಬೇತಿ ಪಡೆದರು. ಆದರೆ ಪದವಿ ಭಾರತದ್ದೇ ಆಗಿತ್ತು. ನೆರವಿನ ಅವಧಿ ಮುಗಿದು ವಿದೇಶಿಯರು ಮರಳಿದಾಗ ಸಂಸ್ಥೆ ಕುಸಿಯಲಿಲ್ಲ. 1971ರ ಯುದ್ಧದ ಸಮಯದಲ್ಲಿ ಭಾರತ-ಅಮೆರಿಕ ಸಂಬಂಧ ಹದಗೆಟ್ಟು, ಮರುವರ್ಷ ಕಾನ್ಪುರ ಕಾರ್ಯಕ್ರಮ ಮುಗಿದರೂ ಐಐಟಿ ತನ್ನ ಕಾಲ ಮೇಲೆ ತಾನು ನಿಂತಿತು.

ಈಗ ಗಾಳಿ ತಿರುಗಿದೆ

ಆರು ದಶಕಗಳ ನಂತರ ಅದೇ ಐಐಟಿಗಳು ಹೊರದೇಶಗಳಲ್ಲಿ ಕ್ಯಾಂಪಸ್ ತೆರೆದಿವೆ. ಮದ್ರಾಸ್ ಐಐಟಿ ಪೂರ್ವ ಆಫ್ರಿಕಾದ ತಾಂಜಾನಿಯಾಕ್ಕೆ ಸೇರಿದ ಜಾಂಜಿಬಾರ್‌ನಲ್ಲಿ 2023ರಲ್ಲಿ ಕ್ಯಾಂಪಸ್ ಆರಂಭಿಸಿತು. ದೇಶದ ಹೊರಗೆ ಐಐಟಿಯೊಂದು ತೆರೆದ ಮೊದಲ ಕ್ಯಾಂಪಸ್ ಇದು. ದತ್ತಾಂಶ ವಿಜ್ಞಾನ ಮತ್ತು ಕೃತಕ ಬುದ್ಧಿಮತ್ತೆ ಇಲ್ಲಿನ ಮೊದಲ ಕೋರ್ಸ್‌ಗಳ ವಿಷಯ. ಕ್ಯಾಂಪಸ್‌ನ ಮುಖ್ಯಸ್ಥೆಯಾದ ಪ್ರೊ. ಪ್ರೀತಿ ಅಘಾಲಯಂ, ಐಐಟಿ ಕ್ಯಾಂಪಸ್ ಒಂದನ್ನು ಮುನ್ನಡೆಸಿದ ಮೊದಲ ಮಹಿಳೆ.

ಅದೇ 2023ರ ಜುಲೈನಲ್ಲಿ ದೆಹಲಿ ಐಐಟಿ ಅಬುಧಾಬಿ ಕ್ಯಾಂಪಸ್‌ಗೆ ಒಪ್ಪಂದ ಮಾಡಿಕೊಂಡಿತು. 2024ರ ಜನವರಿಯಲ್ಲಿ ಇಂಧನ ಕ್ಷೇತ್ರದ ಎಂ.ಟೆಕ್ ಕೋರ್ಸ್, ಅದೇ ವರ್ಷ ಬಿ.ಟೆಕ್ ತರಗತಿಗಳು ಶುರುವಾದವು. ಈ ಎರಡೂ ಕಡೆ ಪದವಿ ಕೊಡುವುದು ಮೂಲ ಐಐಟಿಯೇ. ಇಲ್ಲಿ ಗೊಂದಲಕ್ಕೆ ಜಾಗವಿಲ್ಲ.

ಒಂದು ಪಿಎಚ್‌ಡಿ, ಇಬ್ಬರು ಗುರುಗಳು

ಜಂಟಿಯಾಗಿ ಪದವಿ ಕೊಡುವ ವ್ಯವಸ್ಥೆ ಹೇಗಿರುತ್ತದೆ ಎಂಬುದಕ್ಕೆ ಮುಂಬೈಯಲ್ಲೇ ಒಳ್ಳೆಯ ಉದಾಹರಣೆ ಇದೆ. ಪವಾಯಿಯ ಐಐಟಿ ಆವರಣದಲ್ಲಿ 2008ರಲ್ಲಿ ಆರಂಭವಾದ ಐಐಟಿಬಿ-ಮೊನಾಶ್ ಸಂಶೋಧನಾ ಅಕಾಡೆಮಿಯು ಐಐಟಿ ಬಾಂಬೆ ಮತ್ತು ಆಸ್ಟ್ರೇಲಿಯಾದ ಮೊನಾಶ್ ವಿವಿಯ ಜಂಟಿ ಉದ್ಯಮ. ಪ್ರತಿ ಸಂಶೋಧನಾ ವಿದ್ಯಾರ್ಥಿಗೆ ಎರಡೂ ಕಡೆಯಿಂದ ಮಾರ್ಗದರ್ಶಕರು ಇರುತ್ತಾರೆ. ಹೆಚ್ಚಿನ ಕಾಲ ಪವಾಯಿಯಲ್ಲಿ, ಕೆಲವು ತಿಂಗಳು ಮೆಲ್ಬರ್ನ್‌ನಲ್ಲಿ ಕೆಲಸ. ಕೊನೆಗೆ ಎರಡೂ ಸಂಸ್ಥೆಗಳು ಸೇರಿ ಪಿಎಚ್‌ಡಿ ನೀಡುತ್ತವೆ. ದೆಹಲಿ ಐಐಟಿ ಮತ್ತು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿವಿ ಕೂಡ ಇಂಥದ್ದೇ ಅಕಾಡೆಮಿ ನಡೆಸುತ್ತಿವೆ.

ಇದರಿಂದ ವಿದ್ಯಾರ್ಥಿಗೆ ಸಿಗುವ ಲಾಭ ಬರೀ ಹೆಸರಲ್ಲ. ಒಂದು ಕಡೆ ಇಲ್ಲದ ಯಂತ್ರ ಇನ್ನೊಂದು ಕಡೆ ಸಿಗುತ್ತದೆ. ಒಬ್ಬ ಮಾರ್ಗದರ್ಶಕರಿಗೆ ಹೊಳೆಯದ್ದು ಇನ್ನೊಬ್ಬರಿಗೆ ಹೊಳೆಯುತ್ತದೆ. ಇದು ನಡೆಯಬೇಕಾದರೆ ಕೆಲವು ಲೆಕ್ಕಾಚಾರ ಮೊದಲೇ ಇತ್ಯರ್ಥವಾಗಿರಬೇಕು. ಶಿಷ್ಯವೇತನ ಯಾರು ಕೊಡುತ್ತಾರೆ? ಪ್ರಬಂಧವನ್ನು ಯಾರು ಪರೀಕ್ಷಿಸುತ್ತಾರೆ? ಪೇಟೆಂಟ್ ಬಂದರೆ ಹಕ್ಕು ಯಾರಿಗೆ? ನಿಜವಾದ ಸಹಯೋಗದ ಒಪ್ಪಂದದಲ್ಲಿ ಇವೆಲ್ಲ ಬರಹದಲ್ಲಿ ಇರುತ್ತವೆ.

ಯುಜಿಸಿ ಹೇಳುವ ಮೂರು ಬಗೆ

ಐಐಟಿಗಳು ತಮ್ಮದೇ ಪ್ರತ್ಯೇಕ ಕಾಯ್ದೆಯಡಿ ನಡೆಯುತ್ತವೆ. ಉಳಿದ ವಿಶ್ವವಿದ್ಯಾಲಯಗಳು ವಿದೇಶಿ ಸಂಸ್ಥೆಗಳ ಜತೆ ಪದವಿ ಕೋರ್ಸ್ ನಡೆಸಲು ಯುಜಿಸಿ 2022ರಲ್ಲಿ ನಿಯಮ ರೂಪಿಸಿತು. ಅದರಲ್ಲಿ ಮೂರು ಬಗೆಗಳಿವೆ.

ಮೊದಲನೆಯದು ಟ್ವಿನ್ನಿಂಗ್. ವಿದ್ಯಾರ್ಥಿ ಸ್ವಲ್ಪ ಕಾಲ ವಿದೇಶದಲ್ಲಿ ಓದುತ್ತಾನೆ, ಆದರೆ ಪದವಿ ಕೊಡುವುದು ಭಾರತೀಯ ಸಂಸ್ಥೆ ಮಾತ್ರ. ವಿದೇಶದಲ್ಲಿ ಗಳಿಸುವ ಕ್ರೆಡಿಟ್ ಒಟ್ಟು ಕೋರ್ಸ್‌ನ ಶೇ 30ನ್ನು ಮೀರುವಂತಿಲ್ಲ.

ಎರಡನೆಯದು ಜಾಯಿಂಟ್ ಡಿಗ್ರಿ, ಅಂದರೆ ಜಂಟಿ ಪದವಿ. ಎರಡೂ ಸಂಸ್ಥೆಗಳಿಂದ ತಲಾ ಕನಿಷ್ಠ ಶೇ 30 ಕ್ರೆಡಿಟ್ ಗಳಿಸಬೇಕು. ಕೊನೆಗೆ ಬರುವುದು ಒಂದೇ ಪ್ರಮಾಣಪತ್ರ, ಅದರಲ್ಲಿ ಎರಡೂ ಸಂಸ್ಥೆಗಳ ಲಾಂಛನ ಇರುತ್ತದೆ.

ಮೂರನೆಯದು ಡ್ಯುಯಲ್ ಡಿಗ್ರಿ. ಒಂದೇ ವಿಷಯದಲ್ಲಿ ಎರಡೂ ಸಂಸ್ಥೆಗಳು ಬೇರೆ ಬೇರೆಯಾಗಿ, ಏಕಕಾಲಕ್ಕೆ ಪದವಿ ಕೊಡುತ್ತವೆ. ಇದಕ್ಕೆ ಭಾರತೀಯ ಸಂಸ್ಥೆಯಿಂದ ಕನಿಷ್ಠ ಶೇ 30 ಕ್ರೆಡಿಟ್ ಬೇಕು.

ಇಂಥ ಕೋರ್ಸ್ ನಡೆಸಲು ಎಲ್ಲ ಸಂಸ್ಥೆಗಳಿಗೂ ಅವಕಾಶವಿಲ್ಲ. ಭಾರತೀಯ ಸಂಸ್ಥೆಗೆ ನ್ಯಾಕ್‌ನಲ್ಲಿ 4ಕ್ಕೆ ಕನಿಷ್ಠ 3.01 ಅಂಕ ಇರಬೇಕು. ಇಲ್ಲವೇ ಎನ್‌ಐಆರ್‌ಎಫ್‌ನ ವಿಶ್ವವಿದ್ಯಾಲಯ ವಿಭಾಗದ ಮೊದಲ 100ರಲ್ಲಿ ಸ್ಥಾನ ಅಥವಾ ಉತ್ಕೃಷ್ಟ ಸಂಸ್ಥೆಯ ಮಾನ್ಯತೆ ಇರಬೇಕು. ವಿದೇಶಿ ಸಂಸ್ಥೆ ಕ್ಯೂಎಸ್ ಅಥವಾ ಟೈಮ್ಸ್ ಹೈಯರ್ ಎಜುಕೇಷನ್ ರ‍್ಯಾಂಕಿಂಗ್‌ನ ಮೊದಲ 1000ದೊಳಗೆ ಇರಬೇಕು. ಆನ್‌ಲೈನ್ ಮತ್ತು ದೂರಶಿಕ್ಷಣ ಕೋರ್ಸ್‌ಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ. ವಿದೇಶಿ ವಿವಿಯ ಹೆಸರು ಬಾಡಿಗೆ ಪಡೆದು ನಡೆಸುವ ಫ್ರಾಂಚೈಸಿ ಪದ್ಧತಿಗೆ ಅವಕಾಶವೇ ಇಲ್ಲ.

'2+2' ಎಂದರೆ ಏನು?

ಈ ಶೇ 30ರ ಲೆಕ್ಕ ಸಣ್ಣದಾಗಿ ಕಂಡರೂ ಬಹಳ ಮುಖ್ಯ. ಒಂದು ಬಿ.ಟೆಕ್ ಕೋರ್ಸ್‌ಗೆ 160 ಕ್ರೆಡಿಟ್ ಎಂದುಕೊಳ್ಳೋಣ. ಅದರ ಶೇ 30 ಎಂದರೆ 48. ಅಂದರೆ ಟ್ವಿನ್ನಿಂಗ್‌ನಲ್ಲಿ ವಿದ್ಯಾರ್ಥಿ ಹೊರಗೆ ಓದಬಹುದಾದದ್ದು ಹೆಚ್ಚೆಂದರೆ ಒಂದು ವರ್ಷಕ್ಕಿಂತ ಸ್ವಲ್ಪ ಜಾಸ್ತಿ.

ಹಾಗಾದರೆ ಜಾಹೀರಾತಿನ 'ಎರಡು ವರ್ಷ ಇಲ್ಲಿ, ಎರಡು ವರ್ಷ ಅಲ್ಲಿ' ಎಂಬುದು ಟ್ವಿನ್ನಿಂಗ್ ಆಗಲಾರದು. ಅರ್ಧದಷ್ಟು ಕ್ರೆಡಿಟ್ ಹೊರಗಿನದ್ದಾಗುವುದರಿಂದ ಅದು ಜಂಟಿ ಪದವಿಯೋ ಡ್ಯುಯಲ್ ಡಿಗ್ರಿಯೋ ಆಗಿರಬೇಕು. ಎರಡೂ ಅಲ್ಲದಿದ್ದರೆ ಅದು ಬರೀ ಕ್ರೆಡಿಟ್ ವರ್ಗಾವಣೆ. ಅಂದರೆ ಇಲ್ಲಿ ಎರಡು ವರ್ಷ ಓದಿದ್ದನ್ನು ಲೆಕ್ಕಕ್ಕೆ ಹಿಡಿದು ವಿದೇಶಿ ವಿವಿ ಮೂರನೇ ವರ್ಷಕ್ಕೆ ಪ್ರವೇಶ ಕೊಡುತ್ತದೆ, ಪದವಿಯೂ ಅದರದ್ದೇ.

ಅಪಾಯ ಇರುವುದು ಇಲ್ಲೇ. ಎರಡನೇ ವರ್ಷ ಮುಗಿಯುವಾಗ ವೀಸಾ ಸಿಗದಿದ್ದರೆ? ರೂಪಾಯಿ ಮೌಲ್ಯ ಕುಸಿದು ಶುಲ್ಕ ಕೈಗೆಟುಕದಂತಾದರೆ? ಮನೆಯ ದುಡಿಯುವವರೇ ಹಾಸಿಗೆ ಹಿಡಿದರೆ? ಭಾರತೀಯ ಸಂಸ್ಥೆಯಲ್ಲೇ ಉಳಿದು ಪದವಿ ಮುಗಿಸುವ ದಾರಿ ಇಲ್ಲದಿದ್ದರೆ ವಿದ್ಯಾರ್ಥಿ ಅತ್ತ ದರಿ, ಇತ್ತ ಪುಲಿ ಎಂಬಂತೆ ಸಿಕ್ಕಿಬೀಳುತ್ತಾನೆ. ಇದನ್ನು ತಡೆಯಲೆಂದೇ, ನಡುವೆ ಕೋರ್ಸ್ ಬಿಡಬೇಕಾಗಿ ಬಂದವರಿಗೆ ಹೊರಬರುವ ದಾರಿ ಮತ್ತು ಗಳಿಸಿದ ಕ್ರೆಡಿಟ್‌ಗಳ ಮಾನ್ಯತೆಯನ್ನು ಸ್ಪಷ್ಟವಾಗಿ ತಿಳಿಸಬೇಕು ಎಂದು ಯುಜಿಸಿ ನಿಯಮ ಹೇಳುತ್ತದೆ. ಆ ಪುಟವನ್ನು ಓದುವವರು ಮಾತ್ರ ಕಡಿಮೆ.

ವಿದೇಶಿ ವಿವಿಯೇ ಮನೆ ಬಾಗಿಲಿಗೆ

ಇನ್ನೊಂದು ಮಾದರಿ, ವಿದೇಶಿ ವಿವಿ ತಾನೇ ಇಲ್ಲಿ ಕ್ಯಾಂಪಸ್ ತೆರೆಯುವುದು. ಗುಜರಾತ್‌ನ ಗಿಫ್ಟ್ ಸಿಟಿಯಲ್ಲಿ ಆಸ್ಟ್ರೇಲಿಯಾದ ಡೀಕಿನ್ ಮತ್ತು ವೊಲಾಂಗಾಂಗ್ ವಿವಿಗಳು ಮೊದಲು ಬಂದವು. ದೇಶದ ಉಳಿದ ಕಡೆಗೆ ಯುಜಿಸಿ 2023ರಲ್ಲಿ ಪ್ರತ್ಯೇಕ ನಿಯಮ ತಂದಿತು. ಅದರಡಿ ಬ್ರಿಟನ್‌ನ ಸೌತಾಂಪ್ಟನ್ ವಿವಿ 2025ರಲ್ಲಿ ಗುರುಗ್ರಾಮದಲ್ಲಿ ಕ್ಯಾಂಪಸ್ ಆರಂಭಿಸಿತು. ಅದೇ ವರ್ಷ ಲಿವರ್‌ಪೂಲ್ ವಿವಿಗೆ ಬೆಂಗಳೂರಿನಲ್ಲಿ ಕ್ಯಾಂಪಸ್ ತೆರೆಯಲು ಯುಜಿಸಿ ಸಮ್ಮತಿ ಪತ್ರ ನೀಡಿತು.

ಇದು ಸಹಯೋಗವಲ್ಲ, ಶಾಖೆ. ಪದವಿ ಆ ವಿದೇಶಿ ವಿವಿಯದ್ದೇ. ಹೀಗಾಗಿ ಇಲ್ಲಿ ಕೇಳಬೇಕಾದ ಪ್ರಶ್ನೆಗಳೂ ಬೇರೆ: ಪಾಠ ಮಾಡುವವರು ಯಾರು, ಪ್ರಯೋಗಾಲಯ ಎಷ್ಟು ಸಜ್ಜಾಗಿದೆ, ಮೂಲ ಕ್ಯಾಂಪಸ್‌ನಲ್ಲಿ ಒಂದು ಸೆಮಿಸ್ಟರ್ ಓದಲು ಅವಕಾಶ ಇದೆಯೇ?

ಎಡವುವುದು ಎಲ್ಲಿ?

ಹೆಚ್ಚಿನ ಸುದ್ದಿಗಳಲ್ಲಿ ಕಾಣುವ 'ಎಂಒಯು' ಎಂದರೆ ತಿಳಿವಳಿಕೆ ಪತ್ರ. ಮುಂದೆ ಒಟ್ಟಿಗೆ ಕೆಲಸ ಮಾಡುವ ಇಚ್ಛೆ ಇದೆ ಎಂದು ಎರಡೂ ಕಡೆಯವರು ಹೇಳಿಕೊಳ್ಳುವ ಕಾಗದ ಅದು. ಸಾಮಾನ್ಯವಾಗಿ ಅದರಲ್ಲಿ ಹಣದ ಬದ್ಧತೆಯಾಗಲಿ, ಸೀಟುಗಳ ಸಂಖ್ಯೆಯಾಗಲಿ ಇರುವುದಿಲ್ಲ. ಅದರ ಬಲದ ಮೇಲೆ ಯಾರಿಗೂ ಪದವಿ ಸಿಗುವುದಿಲ್ಲ. ಕ್ರೆಡಿಟ್, ಶುಲ್ಕ, ಪರೀಕ್ಷೆ, ಪದವಿಯ ಬಗ್ಗೆ ಪ್ರತ್ಯೇಕ ಒಪ್ಪಂದ ಆದ ಮೇಲೆಯೇ ಕೋರ್ಸ್‌ಗೆ ಜೀವ ಬರುತ್ತದೆ.

ಮಾನ್ಯತೆ ಇಲ್ಲದ ವಿದೇಶಿ ಸಂಸ್ಥೆಗಳ ಜತೆ ಸೇರಿ ಕೆಲವು ಕಾಲೇಜುಗಳು ಮತ್ತು ಎಡ್‌ಟೆಕ್ ಕಂಪನಿಗಳು ಪದವಿ ಮಾರುತ್ತಿರುವ ಬಗ್ಗೆ 2023ರ ಡಿಸೆಂಬರ್‌ನಲ್ಲಿ ಯುಜಿಸಿ ಎಚ್ಚರಿಕೆ ನೀಡಿತ್ತು. ಅಂಥ ಪದವಿಗಳಿಗೆ ಮಾನ್ಯತೆ ಇರುವುದಿಲ್ಲ ಎಂದೂ ಸ್ಪಷ್ಟಪಡಿಸಿತ್ತು. ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕುವಾಗಲೋ ಉನ್ನತ ಶಿಕ್ಷಣಕ್ಕೆ ಹೊರಟಾಗಲೋ ಇದು ಗೊತ್ತಾದರೆ ಕಳೆದ ವರ್ಷಗಳನ್ನು ಮರಳಿ ಕೊಡುವವರಿಲ್ಲ.

ಶುಲ್ಕ ಕಟ್ಟುವ ಮುನ್ನ

* ಕೋರ್ಸ್ ಟ್ವಿನ್ನಿಂಗ್, ಜಂಟಿ, ಡ್ಯುಯಲ್ - ಈ ಮೂರರಲ್ಲಿ ಯಾವುದು ಎಂದು ಲಿಖಿತವಾಗಿ ಕೇಳಬೇಕು. 'ಅಂತಾರಾಷ್ಟ್ರೀಯ ಕೋರ್ಸ್' ಎಂಬುದು ಉತ್ತರವಲ್ಲ.
* ಪದವಿ ಪ್ರಮಾಣಪತ್ರದ ಮೇಲೆ ಯಾರ ಹೆಸರು ಇರುತ್ತದೆ ಎಂದು ತಿಳಿಯಬೇಕು. ಹಿಂದಿನ ತಂಡ ಹೊರಬಂದಿದ್ದರೆ ಅವರ ಪ್ರಮಾಣಪತ್ರದ ಮಾದರಿ ನೋಡಬೇಕು.
* ವಿದೇಶಿ ವಿವಿಯ ಸ್ವಂತ ಜಾಲತಾಣದಲ್ಲಿ ಈ ಕೋರ್ಸ್‌ನ ಉಲ್ಲೇಖ ಇದೆಯೇ ನೋಡಬೇಕು. ಇಲ್ಲಿನ ಕಾಲೇಜಿನ ತಾಣದಲ್ಲಿ ಮಾತ್ರ ಇದ್ದರೆ ಅನುಮಾನಿಸಬೇಕು.
* ವಿದೇಶದ ಅವಧಿಯ ಶುಲ್ಕ ಯಾವ ಕರೆನ್ಸಿಯಲ್ಲಿ, ಆ ಕಾಲದ ವಾಸದ ಖರ್ಚು ಎಷ್ಟು ಎಂದು ಒಟ್ಟು ಲೆಕ್ಕ ಹಾಕಬೇಕು.
* ವೀಸಾ ಸಿಗದಿದ್ದರೆ ಇಲ್ಲೇ ಪದವಿ ಮುಗಿಸಬಹುದೇ ಎಂಬುದು ಬರಹದಲ್ಲಿ ಇರಬೇಕು.
* ಎಂಜಿನಿಯರಿಂಗ್ ಕೋರ್ಸ್‌ಗೆ ಸಂಬಂಧಿಸಿದ ಶಾಸನಬದ್ಧ ಮಂಡಳಿಯ ಅನುಮತಿ ಇದೆಯೇ ಪರಿಶೀಲಿಸಬೇಕು.

ಸಹಯೋಗ ಇಲ್ಲದ ಕಾಲೇಜಿನಲ್ಲಿ ಓದಿದವರಿಗೆ ವಿದೇಶದ ಬಾಗಿಲು ಮುಚ್ಚಿದೆ ಎಂದೇನೂ ಅಲ್ಲ. ಎಂಜಿನಿಯರಿಂಗ್ ಪದವಿಗಳನ್ನು ಪರಸ್ಪರ ಸಮಾನವೆಂದು ಗುರುತಿಸುವ ವಾಷಿಂಗ್ಟನ್ ಒಪ್ಪಂದಕ್ಕೆ ಭಾರತ 2014ರಲ್ಲಿ ಪೂರ್ಣ ಸದಸ್ಯತ್ವ ಪಡೆಯಿತು. ರಾಷ್ಟ್ರೀಯ ಮಾನ್ಯತಾ ಮಂಡಳಿಯಾದ ಎನ್‌ಬಿಎಯಿಂದ ಟಯರ್-1 ಮಾನ್ಯತೆ ಪಡೆದ ಕೋರ್ಸ್‌ಗಳಿಗೆ ಇದರ ಪ್ರಯೋಜನ ಸಿಗುತ್ತದೆ. ಆದರೆ ಈ ಮಾನ್ಯತೆ ಇಡೀ ಕಾಲೇಜಿಗಲ್ಲ, ಒಂದೊಂದು ಕೋರ್ಸ್‌ಗೆ. ಮೆಕ್ಯಾನಿಕಲ್‌ಗೆ ಇದ್ದ ಮಾತ್ರಕ್ಕೆ ಕಂಪ್ಯೂಟರ್ ಸೈನ್ಸ್‌ಗೂ ಇದೆ ಎಂದುಕೊಳ್ಳುವಂತಿಲ್ಲ. ದುಬಾರಿ 'ಅಂತಾರಾಷ್ಟ್ರೀಯ' ಕೋರ್ಸ್‌ಗಿಂತ ಇಂಥ ಮಾನ್ಯತೆ ಇರುವ ಸಾಧಾರಣ ಶುಲ್ಕದ ಕೋರ್ಸ್ ಎಷ್ಟೋ ಸಲ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಸ್ನಾತಕೋತ್ತರ ಹಂತದಲ್ಲಿ ಐರೋಪ್ಯ ಒಕ್ಕೂಟದ ಎರಾಸ್ಮಸ್ ಮುಂಡಸ್ ಕೂಡ ಒಂದು ದಾರಿ. ಬೇರೆ ಬೇರೆ ದೇಶಗಳ ವಿವಿಗಳು ಕೂಡಿ ನಡೆಸುವ ಈ ಕೋರ್ಸ್‌ಗಳಲ್ಲಿ ವಿದ್ಯಾರ್ಥಿಗಳು ಕನಿಷ್ಠ ಎರಡು ದೇಶಗಳಲ್ಲಿ ಓದುತ್ತಾರೆ. ಆಯ್ಕೆಯಾದವರಿಗೆ ವಿದ್ಯಾರ್ಥಿವೇತನವೂ ಇದೆ.

ಕಾನ್ಪುರಕ್ಕೆ ಬಂದ ಆ ಐಬಿಎಂ ಯಂತ್ರ ಹಳತಾಗಿ ಎಷ್ಟೋ ಕಾಲವಾಯಿತು. ಅದರ ಮುಂದೆ ಕುಳಿತು ಕಲಿತವರು ಮುಂದಿನ ಪೀಳಿಗೆಗೆ ಕಲಿಸಿದರು. ಇಂದಿನ ಒಪ್ಪಂದಗಳನ್ನೂ ಅದೇ ತಕ್ಕಡಿಯಲ್ಲಿ ತೂಗಬಹುದು. ಫೋಟೋಗಳು ಹಳೆಯದಾದ ಮೇಲೆ ಇಲ್ಲಿನ ಪ್ರಯೋಗಾಲಯದಲ್ಲಿ, ಬೋಧಕರ ಪಾಠದಲ್ಲಿ, ವಿದ್ಯಾರ್ಥಿಯ ಕೈಯ ಪ್ರಮಾಣಪತ್ರದಲ್ಲಿ ಏನಾದರೂ ಉಳಿದರೆ ಅದು ಸಹಯೋಗ. ಉಳಿಯದಿದ್ದರೆ ಅದು ಜಾಹೀರಾತು ಅಷ್ಟೇ.